ಪ್ಲಗ್ ಡಾಕ್ಟರು ವೆಂಕಟರಾಯಪ್ಪ

ಬಂಗಾರಪೇಟೆ ಸ್ಟೇಷನ್ನಿನ ಆಚೆ, ತಗಡಿನ ಶೆಡ್ಡಿನಲ್ಲಿ ಕಾರು ರಿಪೇರಿ ಮಾಡುತ್ತಿದ್ದ ವೆಂಕಟರಾಯಪ್ಪನನ್ನು ಯಾರಾದರೂ ಮೆಕ್ಯಾನಿಕ್ ಎಂದರೆ ಅವನು ಮುಖ ತಿರುಗಿಸುತ್ತಿದ್ದ. ಡಾಕ್ಟರು ಎನ್ನಬೇಕು. ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಬಿಚ್ಚಿ, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಕಾಯಿಲೆ ಹೇಳುತ್ತಿದ್ದ. ಮುಕ್ಕಾಲು ಪಾಲು ಸರಿ ಇರುತ್ತಿತ್ತು. ಇಲ್ಲದಿದ್ದಾಗ ತಪ್ಪು ಕಾರಿನದು.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಗೆಳೆಯ ಜಯರಾಮಪ್ಪನ ಟ್ಯಾಕ್ಸಿಯ ಎಂಜಿನ್ ಬಿಚ್ಚಿದ. ಎಣ್ಣೆ ಮೇಲೇರದಂತೆ ಪಿಸ್ಟನ್ನಿಗೆ ತೊಡಿಸುವ ರಿಂಗುಗಳು ಸವೆದಿದ್ದವು. ಹೊಸವು ಬೆಂಗಳೂರಿನಲ್ಲೂ ಸಿಗುತ್ತಿರಲಿಲ್ಲ. ಬೇರೊಂದು ಎಂಜಿನ್ನಿನ ದೊಡ್ಡ ರಿಂಗುಗಳನ್ನು ತಂದು ತುದಿಗಳನ್ನು ಅರದಿಂದ ಉಜ್ಜತೊಡಗಿದ. ಊರಿನ ಡ್ರೈವರುಗಳೆಲ್ಲ ಸುತ್ತ ನಿಂತಿದ್ದರು.

"ಕಂಪ್ನಿಯೋರು ಬಂದು ನೋಡ್ಲಿ, ಇಂಗೆ ಮಾಡೋಕಾಯ್ತದಾ ಅಂತ!"

ಹಾಗೆನ್ನುವಾಗಲೇ ಅರ ಒಂದು ಎಳೆ ಜಾಸ್ತಿ ಓಡಿ, ರಿಂಗಿನ ತುದಿಗಳ ನಡುವೆ ಎಣ್ಣೆ ನುಸುಳುವಷ್ಟು ಸಂದಿ ಬಿತ್ತು. ಕೈಗೆ ಗೊತ್ತಾಯಿತು, ಬಾಯಿ ಹೇಳಲಿಲ್ಲ. ಅದನ್ನೇ ತೊಡಿಸಿಬಿಟ್ಟ.

ಸ್ವಲ್ಪ ದಿನದಲ್ಲೇ ಕಾರು ನೀಲಿ ಹೊಗೆ ಬಿಡತೊಡಗಿತು. ಹತ್ತಿರದ ಚಿನ್ನದ ಗಣಿ ಮೈಸೂರು ಮೈನ್ಸ್‌ನ ಕೂಲಿಯವರು ದೂರದಲ್ಲಿ ಹೊಗೆ ಕಂಡ ಕೂಡಲೇ ಟ್ಯಾಕ್ಸಿ ಬಂತೆಂದು ತಿಂಡಿಯ ಡಬ್ಬಿ ಎತ್ತಿಕೊಂಡು ಏಳುತ್ತಿದ್ದರು.

"ಏನ್ಲಾ ಡಾಕ್ಟ್ರೇ, ಬಂಡಿ ಮತ್ತೆ ಕುಂಟ್ತಾ ಐತೆ," ಎಂದು ಜಯರಾಮಪ್ಪ ಶೆಡ್ಡಿಗೆ ಬಂದ.

ವೆಂಕಟರಾಯಪ್ಪ ಪ್ಲಗ್ ಬಿಚ್ಚಿದ. ಎಣ್ಣೆಯಲ್ಲಿ ಮಿಂದು ಕಪ್ಪಗಾಗಿತ್ತು. ಮೂಸುವ ಅಗತ್ಯವೇ ಇರಲಿಲ್ಲ, ಆದರೂ ಮೂಸಿದ. "ಪ್ಲಗ್ಗಿಗೆ ನೆಗ್ಡಿ ಕಣ್ಲಾ. ಬದಲಾಯಿಸ್ತೀನಿ."

"ಕೆಳಗೂ ಎಣ್ಣೆ ಸೋರ್ತಾ ಐತಲ್ಲೋ?"

"ಸೋರ್ದೇ ಇದ್ರೆ ಒಳಗೆ ಎಣ್ಣೆ ಐತೆ ಅಂತ ಗೊತ್ತಾಗೋದೆಂಗೆ?"

ಡ್ರೈವರುಗಳು ನಕ್ಕರು, ಜಯರಾಮಪ್ಪನೂ ನಕ್ಕ. ಆಮೇಲೆ ಪ್ಲಗ್ಗಿನ ಮೇಲೆ ಪ್ಲಗ್ ಬದಲಾಯಿತು. ಇನ್ನೊಂದು ಸಲ ಎಂಜಿನ್ ಬಿಚ್ಚಬೇಕು, ಸತ್ಯ ಹೇಳಬೇಕು ಎಂದು ವೆಂಕಟರಾಯಪ್ಪ ದಿನಾ ಬೆಳಿಗ್ಗೆ ನಿಶ್ಚಯಿಸುತ್ತಿದ್ದ. ಅಷ್ಟರಲ್ಲಿ ಯಾರಾದರೂ ಬಂದು "ಡಾಕ್ಟ್ರೇ" ಎನ್ನುತ್ತಿದ್ದರು. ಒಮ್ಮೆ ಜಯರಾಮಪ್ಪನೇ ಕೇಳಿದ: "ಒಂದ್ಸಲ ಬಿಚ್ಚಿ ನೋಡಾನಾ?"

"ನಾನ್ ಕೈ ಇಟ್ ಎಂಜಿನ್ನ ಮತ್ತೆ ಬಿಚ್ಚೋದಾ? ಓಗ್ಲಾ!"

ಕೊನೆಗೊಂದು ದಿನ ಬೇತಮಂಗಲದ ಹತ್ತಿರ ಎಣ್ಣೆಯೆಲ್ಲ ಬತ್ತಿ ಎಂಜಿನ್ ಕಚ್ಚಿಕೊಂಡು ನಿಂತೇಹೋಯಿತು. ಎತ್ತು ಕಟ್ಟಿ ಎಳೆದು ತಂದರು. ಕಾರು ಗುಜರಿಗೆ ಹೋಯಿತು. ಸ್ವಂತ ಗಾಡಿ ಓಡಿಸುತ್ತಿದ್ದ ಜಯರಾಮಪ್ಪ ಯಾರದೋ ಬಸ್ಸಿಗೆ ಸಂಬಳದ ಡ್ರೈವರಾದ. ಕೆಲಸಕ್ಕೆ ಸೇರುವ ಮುಂಚೆ ಶೆಡ್ಡಿಗೆ ಬಂದ. ಬೈಯುವನೆಂದು ವೆಂಕಟರಾಯಪ್ಪ ಕಾದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಮನಸ್ಸಿಗೆ ಅಚ್ಕೋಬೇಡ ಕಣ್ಲಾ. ಬಂಡಿ ಅಣೇಬರ, ನೀನೇನ್ ಮಾಡ್ತೀಯಾ? ನಿನ್ನಂಗೆ ಯಾರು ನೋಡ್ಕೊಂತಿದ್ರು ಅದನ್ನ?"

ವೆಂಕಟರಾಯಪ್ಪ ಬಾಯಿ ತೆರೆದ. ಆಗ ಶೆಡ್ಡಿನಲ್ಲಿ ಇಬ್ಬರೇ ಇದ್ದರು. ಮರ್ಯಾದೆ ಹೋಗುತ್ತದೆನ್ನಲು ನೋಡುವವರು ಒಬ್ಬರೂ ಇರಲಿಲ್ಲ. ಆದರೂ ಹೊರಬಂದ ಮಾತು, "ಟೀ ಕುಡೀತೀಯಾ?"

ಬಸ್ಸು ದಿನಾ ಶೆಡ್ಡಿನ ಮುಂದೆಯೇ ಹೋಗುತ್ತಿತ್ತು. ಜಯರಾಮಪ್ಪ ನಿಧಾನ ಮಾಡಿ, ಹಾರ್ನ್ ಹೊಡೆದು, ಕೈ ಹೊರಗೆ ಚಾಚಿ, ಹೊಸದಾಗಿ ಬಂದ ಕಂಡಕ್ಟರಿಗೆಲ್ಲ ತೋರಿಸುತ್ತಿದ್ದ: "ಇವ್ನೇ ಕಣಯ್ಯಾ ನಮ್ ಡಾಕ್ಟ್ರು! ಬಂಡಿ ನಾಡಿ ಇಡಿಯೋದ್ರಾಗೆ ಇವ್ನ್ ಬಿಟ್ರಿಲ್ಲ!"

ಅರವತ್ತರ ದಶಕ ಮುಗಿಯುವವರೆಗೂ ಆ ಹಾರ್ನ್ ಕೇಳಿದ ಕೂಡಲೇ ವೆಂಕಟರಾಯಪ್ಪ ಯಾವುದಾದರೂ ಕಾರಿನ ಅಡಿಗೆ ತೂರಿಕೊಳ್ಳುತ್ತಿದ್ದ. ಬಸ್ಸು ದೂರ ಹೋದಮೇಲೂ ಬೇಗ ಹೊರಬರುತ್ತಿರಲಿಲ್ಲ.