ಸ್ನಾನ ಮಾಡಿಸುವವರು

ಗೌರಿಬಿದನೂರಿನ ಕಾಲೇಜೊಂದರಲ್ಲಿ ನಾನು ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಕುಟುಂಬವನ್ನು ಸ್ತ್ರೀವಾದಿಗಳು ನೋಡುವ ಬಗೆ ಎನ್ನುವ ಪಾಠ ಬಂದರೆ ನನಗೆ ಹುರುಪು ಜಾಸ್ತಿ. ಮನೆಗೆಲಸಕ್ಕೆ ದುಡಿಮೆ ಅನ್ನುವ ಹೆಸರೇ ಇಲ್ಲ, ಹೊರಗೆ ದುಡಿದು ಬಂದವಳಿಗೆ ಒಲೆಯ ಮುಂದೆ ಎರಡನೇ ಪಾಳಿ ಕಾದಿರುತ್ತದೆ ಎಂದೆಲ್ಲ ಹೇಳುವಾಗ ನನ್ನ ದನಿ ಪಕ್ಕದ ಕೋಣೆಗೂ ಕೇಳಿಸುತ್ತದೆಂದು ಸಹೋದ್ಯೋಗಿಗಳು ಕಾಲೆಳೆಯುತ್ತಾರೆ.

ಹೋದ ವರ್ಷ, ಮನೆಯಲ್ಲಿ ಯಾರು ಇಡೀ ದಿನ ಏನು ಮಾಡುತ್ತಾರೆಂದು ಬರೆದು ತರಲು ಹೇಳಿದ್ದೆ. ಬಿ.ಎ. ಕೊನೆಯ ವರ್ಷದ ಒಬ್ಬ ಹುಡುಗಿ ಅಮ್ಮನ ಬಗ್ಗೆ ಎರಡು ಪುಟ ತುಂಬಿಸಿದ್ದಳು. ಅಣ್ಣನಿಗೆ ಒಂದೇ ಸಾಲು: ‘ಎದ್ದ, ತಿಂದ, ಹೋದ, ಬಂದ, ತಿಂದ, ಮಲಗಿದ.’ ತರಗತಿಯಲ್ಲಿ ಓದಿ ಹೇಳಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಪಾಠ ತಲೆಗೆ ಹತ್ತಿದೆ ಎಂದು ಬೀಗಿದೆ.

ದಸರಾ ರಜೆ ಮುಗಿದ ಮೇಲೆ ಆ ಹುಡುಗಿ ಬರಲಿಲ್ಲ. ಹಾಜರಾತಿ ಸಾಲದವರ ಪಟ್ಟಿಯಲ್ಲಿ ಅವಳ ಹೆಸರು ಬಂತು. ಹೀಗೇ ಬಿಟ್ಟರೆ ಪರೀಕ್ಷೆಗೆ ಕೂರಿಸುವುದಿಲ್ಲ. ಒಂದು ಭಾನುವಾರ ನಾನೇ ಅವಳ ಮನೆ ಹುಡುಕಿಕೊಂಡು ಹೋದೆ.

ಅಪ್ಪ ಇಲ್ಲದ ಮನೆ. ಅಮ್ಮ ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಹೊಲಿಗೆಗೆ ಹೋಗುತ್ತಾರೆ, ಬೆಳಗಿನ ಬಸ್ಸು ಹತ್ತಿದರೆ ಬರುವುದು ಸಂಜೆಗೆ. ಅಪ್ಪನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟ ಮುರಿದು ಮಂಚ ಹಿಡಿದಿದ್ದರು, ಅವರ ಆರೈಕೆಗೆಂದು ಹುಡುಗಿ ಕಾಲೇಜು ಬಿಟ್ಟಿದ್ದಳು. ಅಣ್ಣ ಕೆಲಸ ಬಿಟ್ಟು ಮನೆಯಲ್ಲೇ ಇದ್ದ, ಮೂಲೆಯಲ್ಲಿ ಮೊಬೈಲ್ ನೋಡುತ್ತಾ ಕೂತಿದ್ದ. ಅವನನ್ನು ಕಂಡದ್ದೇ ನನಗೆ ಮೈಯೆಲ್ಲ ಉರಿಯಿತು.

“ನೀನು ನೋಡ್ಕೊಳ್ಳಕ್ಕಾಗಲ್ವೇನಪ್ಪ?” ಎಂದೆ.

ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಅವನು ಮೊಬೈಲ್ ಕೆಳಗಿಟ್ಟು ಮೆಲ್ಲಗೆ ಹೇಳಿದ. “ಅಡುಗೆ ಈಗ ನಾನೇ ಮಾಡ್ತಿರೋದು ಮೇಡಂ. ಆದ್ರೆ ಅಜ್ಜಿ ನನ್ನ ಹತ್ರಕ್ಕೇ ಸೇರಿಸಲ್ಲ.”

ಮಂಚದಿಂದ ಅಜ್ಜಿ ಕೈಯಾಡಿಸಿದರು. “ವದ್ದಮ್ಮ, ಬೇಡ. ಮೊಮ್ಮಗನ ಕೈಲಿ ಸೀರೆ ಬಿಚ್ಚಿಸ್ಕೊಂಡು ಸ್ನಾನ ಮಾಡಿಸ್ಕೊಳ್ಳೋದಾ? ಅದಕ್ಕಿಂತ ಹೋಗೋದೇ ಮೇಲು.”

ಆ ಮುದುಕಿಗೆ ನಾನು ಯಾವ ಪಾಠ ಹೇಳಲಿ? ಹುಡುಗಿಯ ಅಮ್ಮ ಟೀ ತಂದಿಟ್ಟು ನನ್ನೆದುರು ಕೂತರು.

“ನಾನು ಕೆಲ್ಸ ಬಿಡ್ಲಾ ಮೇಡಂ? ನೀವೇ ಹೇಳಿ. ಬಿಟ್ರೆ ಇವಳನ್ನ ಓದ್ಸೋದ್ ಹೆಂಗೆ? ಬಿಡ್ದಿದ್ರೆ ಇವಳು ಓದೋದ್ ಹೆಂಗೆ?”

ಬಿಡಬೇಡಿ, ಸ್ವಂತ ದುಡಿಮೆಯೇ ಹೆಂಗಸಿಗೆ ಬಲ ಎಂದು ತರಗತಿಯಲ್ಲಿ ಗಂಟಲು ಹರಿಯುವಂತೆ ಹೇಳುವವಳು ನಾನು. ಮಗಳು ಓದಲೇಬೇಕು ಎನ್ನುವವಳೂ ನಾನೇ. ಅಜ್ಜಿಯನ್ನು ನೋಡಿಕೊಳ್ಳಲು ಯಾರನ್ನಾದರೂ ಗೊತ್ತುಮಾಡಿಕೊಳ್ಳಿ ಎನ್ನಲು ಬಾಯಿ ತೆರೆದೆ. ಹಾಗೆ ಬರುವವಳೂ ತನ್ನ ಮನೆಯಲ್ಲಿ ಯಾರನ್ನೋ ಬಿಟ್ಟೇ ಬರಬೇಕಲ್ಲ ಅನ್ನಿಸಿತು. ಟೀ ಕುಡಿದೆ, ಅಷ್ಟೇ ನನ್ನ ಕೈಲಾದದ್ದು.

ಆ ವರ್ಷ ಅವಳು ಪರೀಕ್ಷೆಗೆ ಕೂರಲಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಪ್ರಾಂಶುಪಾಲರ ಮುಂದೆ ಎರಡು ಸಲ ಹೋಗಿ ನಿಂತದ್ದೂ ದಂಡವಾಯಿತು.

ಅವತ್ತು ಬಸ್ ಸ್ಟಾಪಿನವರೆಗೆ ನನ್ನ ಜೊತೆ ಹುಡುಗಿಯೇ ಬಂದಳು. ದಾರಿಯಲ್ಲಿ ಕೇಳಿದಳು. “ಮೇಡಂ, ನಿಮ್ಮ ತಾಯಿ ಇದಾರಾ?”

“ಇದಾರಮ್ಮ, ಚಿಂತಾಮಣಿಲಿ. ಲಕ್ವ ಹೊಡೆದು ತುಂಬಾ ವರ್ಷ ಆಯ್ತು.”

“ಯಾರು ನೋಡ್ಕೊಳ್ತಾರೆ?”

“ನಮ್ಮಕ್ಕ.”

“ಅವರೇನು ಓದಿದಾರೆ?”

“ಪಿಯುಸಿ.”

ಅವಳು ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿರುತ್ತಿತ್ತು. ಅಕ್ಕನಿಗೂ ಬಿ.ಎ. ಸೀಟು ಸಿಕ್ಕಿತ್ತು. ಅಮ್ಮ ಮಲಗಿದ ವರ್ಷ ಅವಳು ಮನೆಯಲ್ಲೇ ಉಳಿದಳು, ನಾನು ಓದಲು ಹೋದೆ. ನನ್ನ ಪಾಠದ ಉದಾಹರಣೆಗಳಲ್ಲಿ ಊರ ಹೆಂಗಸರೆಲ್ಲ ಬಂದುಹೋಗಿದ್ದಾರೆ, ಅಕ್ಕ ಮಾತ್ರ ಒಂದು ಸಲವೂ ಬಂದಿಲ್ಲ.

ಮನೆಗೆ ಮರಳುವ ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅಕ್ಕನಿಗೆ ಫೋನ್ ಮಾಡಿದೆ. ನಿನಗೂ ಓದುವ ಆಸೆ ಇತ್ತಾ ಎಂದು ಕೇಳಬೇಕೆಂದುಕೊಂಡಿದ್ದೆ. ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ.

“ಅಮ್ಮಂಗೆ ಸ್ನಾನ ಮಾಡಿಸ್ತಿದೀನಿ ಕಣೇ, ಕೈಯೆಲ್ಲಾ ಸೋಪು,” ಎಂದಳು. “ಏನಾದ್ರೂ ಅರ್ಜೆಂಟಾ?”

“ಅರ್ಜೆಂಟೇನಿಲ್ಲ,” ಎಂದೆ.