ತನುಜ ಬಿಟ್ಟುಬಂದ ಸ್ಪ್ಯಾನಿಷ್ ಕ್ಲಾಸು

ಆಂಧ್ರದ ಗಡಿಗಂಟಿದ ನಗರಗೆರೆಯ ಕೊಂಡಪ್ಪನ ಮಗಳು ತನುಜ, ದಿನವೂ ರೈಲಿನಲ್ಲಿ ಬೆಂಗಳೂರಿಗೆ ಓಡಾಡಿ ಸ್ಪ್ಯಾನಿಷ್ ಕಲಿತವಳು. ಅಲ್ಲಿ ಎಲ್ಲವನ್ನೂ ಇಂಗ್ಲಿಷಿನ ಮೂಲಕವೇ ಹೇಳಿಕೊಡುತ್ತಿದ್ದರು. ‘ಅವಳಿಗೆ’, ‘ಅದನ್ನು’ ಎಂಬ ಸರ್ವನಾಮಗಳು ಕ್ರಿಯಾಪದಕ್ಕಿಂತ ಮುಂಚೆ ಏಕೆ ಬರುತ್ತವೆಂದು ಎಷ್ಟು ದಿನವಾದರೂ ತಲೆಗೆ ಹತ್ತಿರಲಿಲ್ಲ. ಒಂದು ಸಂಜೆ ಯಲಹಂಕದ ಪ್ಲಾಟ್‌ಫಾರ್ಮಿನಲ್ಲಿ ತಟ್ಟನೆ ಹೊಳೆಯಿತು: ‘ಸೆ ಲೊ ದೊಯ್’ ಅಂದರೆ ‘ಅವಳಿಗೆ ಅದನ್ನ ಕೊಡ್ತೀನಿ’. ಪದಗಳ ಸಾಲು ನಮ್ಮದೇ! ‘ನಾನು’ ಎನ್ನುವ ಅಗತ್ಯವೂ ಇಲ್ಲ, ಕ್ರಿಯಾಪದದ ಬಾಲವೇ ಹೇಳುತ್ತದೆ. ‘ಹೂವು ಇಷ್ಟವಾಯಿತು, ಹೂಗಳು ಇಷ್ಟವಾದವು’ ಎಂದು ನಾವು ಹೂವಿಗೆ ತಕ್ಕಂತೆ ಕ್ರಿಯಾಪದ ಬದಲಿಸಿದರೆ, ಅವರೂ ಹಾಗೆಯೇ.

ಗೌರಿಬಿದನೂರಿನ ಕೋಚಿಂಗ್ ಸೆಂಟರಿನಲ್ಲಿ, ವಿದೇಶಕ್ಕೆ ಹೊರಟ ನರ್ಸುಗಳಿಗೆ ಅವಳು ಹೀಗೇ ಕಲಿಸಿದಳು. ಕನ್ನಡ ಮೀಡಿಯಮ್ಮಿನವರೂ ಧೈರ್ಯವಾಗಿ ಬಾಯಿಬಿಟ್ಟರು.

ಒಂದು ದಿನ ಆ ಪಾಠ ಸೆಂಟರಿನ ವಿಡಿಯೊ ಆಗಿ ಬಂತು. ಅವಳ ಉದಾಹರಣೆಗಳು, ಅವಳ ಹೂವು. ಮುಖ ಮಾತ್ರ ಇಂಗ್ಲಿಷ್ ಮೇಷ್ಟ್ರು ಅಚ್ಯುತ್‌ನದು.

ಮೈ ಉರಿದುಹೋಯಿತು. ನೇರ ಮಾಲೀಕ ಮೋಹನ್‌ಬಾಬುವಿನ ಕೋಣೆಗೆ ನುಗ್ಗಿದಳು. ಅಚ್ಯುತ್ ಅಲ್ಲೇ ಕಾಫಿ ಕುಡಿಯುತ್ತಿದ್ದ.

“ಸರ್, ಈ ಪಾಠ ನಂದು.”

“ಪಾಠ ಸೆಂಟರ್‌ದು ಕಣಮ್ಮ. ನಿನ್ನ ಮಾತಲ್ಲಿ ತೆಲುಗು ಎಳೆಯುತ್ತೆ. ನಾಲ್ಕು ಜನ ನೋಡೋ ವಿಡಿಯೊ ಇದು.”

“ಹೆಸರಾದ್ರೂ ಹಾಕಬಹುದಿತ್ತಲ್ಲ?”

“ಇಷ್ಟಕ್ಕೆಲ್ಲ ಯಾರಮ್ಮ ಹೆಸರು ಹಾಕ್ತಾರೆ?”

ಅಚ್ಯುತ್ ಮುಗುಳ್ನಕ್ಕ. ಅಲ್ಲಿಯವರೆಗೆ ‘ಅಚ್ಯುತ್ ಸರ್’ ಎನ್ನುತ್ತಿದ್ದವಳ ಬಾಯಿಗೆ ಏಕವಚನ ಬಂತು.

“ನಗಬೇಡ! ‘ಸೆ ಲೊ’ ಅನ್ನೋ ಕಡೆ ‘ಲೆ ಲೊ’ ಅಂದಿದೀಯ. ಕದ್ದಿದ್ದನ್ನ ಒಪ್ಪವಾಗಿ ಹೇಳಕ್ಕೂ ಬರಲ್ವಾ ನಿಂಗೆ?”

ಕೆಲಸ ಅಲ್ಲಿಗೇ ಮುಗಿಯಿತು. ತಾಯಿ ಆದಿಲಕ್ಷ್ಮಮ್ಮ, “ತಗ್ಗಿ ನಡೀಬೇಕಿತ್ತು ಕಣಮ್ಮ” ಎಂದಾಗ ಅವಳ ಸಿಟ್ಟು ಇಮ್ಮಡಿಯಾಯಿತು.

“ಇನ್ನೆಷ್ಟು ತಗ್ಗಲಮ್ಮ? ನೆಲಕ್ಕೆ ಅಂಟಿಕೊಂಡಿದೀನಿ!”

ಮರುವಾರ ಗೌರಿಬಿದನೂರಿನಲ್ಲೇ ತಮ್ಮೂರಿನ ಪರಿಚಯದವರ ಟೈಲರ್ ಅಂಗಡಿಯ ಮಹಡಿ ಕೇಳಿ ತೆಗೆದುಕೊಂಡು, ತನುಜ ಅಲ್ಲೇ ಕ್ಲಾಸು ಶುರುಮಾಡಿದಳು. ಹಳೇ ಸೆಂಟರಿನಿಂದ ಬಂದ ನರ್ಸುಗಳು ಬೆರಳೆಣಿಕೆಯಷ್ಟು. ಮೊದಲ ದಿನ ಅವಳ ದನಿ ಎಷ್ಟು ಗಡುಸಾಗಿತ್ತೆಂದರೆ, ಮುಂದೆ ಕೂತಿದ್ದ ರೂಪ ಪೆನ್ನು ಕೆಳಗಿಟ್ಟು ಕೇಳಿದಳು.

“ಮಿಸ್, ‘ಸಿಟ್ಟು ಬಂದಿದೆ’ ಅನ್ನಕ್ಕೆ ಸ್ಪ್ಯಾನಿಷಲ್ಲಿ ಏನಂತಾರೆ?”

ತನುಜ ಬೋರ್ಡಿನ ಕಡೆ ತಿರುಗಿದಳು.

“ಗಂಡಸಾದ್ರೆ ‘ಎಸ್ತೊಯ್ ಎನ್ಫದಾದೊ’. ಹೆಂಗಸಾದ್ರೆ ಕೊನೇಲಿ ‘ದಾ’. ‘ಎನ್ಫದಾದಾ’. ಜೋರಾಗಿ ಹೇಳ್ರಮ್ಮ.”

ಹೇಳಿದರು. ಕೆಳಗಿನ ಹೊಲಿಗೆಯಂತ್ರ ಒಂದು ಗಳಿಗೆ ನಿಂತಿತು. ಮೋಹನ್‌ಬಾಬು ವಿಡಿಯೊ ತೆಗೆಯಲಿಲ್ಲ, ಹೆಸರೂ ಹಾಕಲಿಲ್ಲ. ತನುಜಳ ಸಿಟ್ಟೂ ಇಳಿದಿಲ್ಲ.