ನಾನು ಬರೆಯದ ಗೀಜಗನ ಗೂಡು

ಚಿನ್ನದ ಗಣಿಯ ಊರಾದ ಊರಿಗಾಂನ ಒಂದು ಹಳೆಯ ಕಟ್ಟಡದಲ್ಲಿ ಮೂವರು ಸೇರಿ ಮಕ್ಕಳಿಗಾಗಿ ಒಂದು ಕೇಂದ್ರ ನಡೆಸುತ್ತಿದ್ದರು. ಸುತ್ತಲಿನ ಗಿಡ, ಹಕ್ಕಿ, ಕಲ್ಲುಗಳನ್ನು ನೋಡಿ ತಿಳಿಯುವುದು, ಚಿತ್ರ ಬರೆಯುವುದು, ಸಣ್ಣಪುಟ್ಟ ಪ್ರಯೋಗ ಮಾಡುವುದು ಅಲ್ಲಿಯ ಭಾನುವಾರದ ಕೆಲಸ. ಗಣಿಯಲ್ಲಿ ಸರ್ವೆ ಕೆಲಸ ಮಾಡಿ ನಿವೃತ್ತರಾಗಿದ್ದ ಹಿರಿಯರೊಬ್ಬರು, ಬಂಗಾರಪೇಟೆಯ ಡ್ರಾಯಿಂಗ್ ಮೇಷ್ಟ್ರು, ಗಿಡಮರ ಬಲ್ಲ ಒಬ್ಬರು ಟೀಚರಮ್ಮ, ಇವರೇ ಆ ಮೂವರು. ಐವತ್ತರ ದಶಕದ ಕೊನೆಯಲ್ಲಿ ನನ್ನನ್ನೂ ಸೇರಿಸಿಕೊಂಡರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಬಂಗಾರಪೇಟೆಯ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತನಾಗಿದ್ದೆ. ಬ್ಯಾಟರಿಗೆ ತಂತಿ ಸುತ್ತಿ ಗಂಟೆ ಬಾರಿಸುವಂಥ ಪ್ರಯೋಗಗಳು ನನಗೆ ಬರುತ್ತಿದ್ದವು.

ಆ ಮೂವರದು ಒಂದು ವಿಚಿತ್ರ ಕಟ್ಟಳೆ. ತಿಂಗಳ ಕೊನೆಯ ಭಾನುವಾರ ದೊಡ್ಡವರಲ್ಲಿ ಒಬ್ಬರು ಸರದಿಯ ಮೇಲೆ ತಮಗೆ ಬಾರದ ಕೆಲಸವನ್ನೇ ಮಕ್ಕಳ ಮುಂದೆ ಮಾಡಬೇಕು. ಟೀಚರಮ್ಮ ತಂತಿ ಜೋಡಿಸಿದರೆ ಗಂಟೆ ಬಡಿಯುತ್ತಲೇ ಇರಲಿಲ್ಲ. ಸರ್ವೆಯ ಹಿರಿಯರು ಬೋರ್ಡಿನ ಮೇಲೆ ಕಾಗೆ ಬರೆದಾಗ, ಲೈನುಮನೆ ಎಂಬ ಸಾಲುಮನೆಗಳಲ್ಲಿದ್ದ ಒಬ್ಬ ಗಣಿ ಕೆಲಸಗಾರನ ಮಗಳು ಎದ್ದು ನಿಂತಳು. ಮೂಲೆಯಲ್ಲಿ ಮುದುರಿ ಕೂರುತ್ತಿದ್ದ ಹುಡುಗಿ ಅವಳು.

"ತಾತ, ಅದು ಕಾಗೆ ಅಲ್ಲ. ಮೊಟ್ಟೆ ಇಡಕ್ಕೆ ಜಾಗ ಉಡುಕ್ತಿರೋ ಕೋಳಿ."

"ಔದಾ? ಕಣ್ಣಾದ್ರೂ ಸರಿಯಾಗೈತಲ್ಲಮ್ಮ?"

"ಕಣ್ಣೂ ಕೋಳೀದೇ."

"ಅಂಗಾದ್ರೆ ಬಾ ಇಲ್ಲಿ. ಎಲ್ಲಿ ಕೆಡಿಸ್ದೆ ಅಂತ ನೀನೇ ತೋರ್ಸು."

ಅವಳು ಕೊಕ್ಕು ತಿದ್ದಿದಳು, ಕತ್ತು ತಿದ್ದಿದಳು. ಕಾಗೆ ಬಂತು. ಅಂದಿನಿಂದ ಸಿಕ್ಕಸಿಕ್ಕಲ್ಲೆಲ್ಲ ಚಿತ್ರ ಬರೆಯತೊಡಗಿದಳು. ದೊಡ್ಡವರು ಸೋತು ತೋರಿಸಿದರೆ ಮಕ್ಕಳ ಕೈಯ ಅಳುಕು ಹೋಗುತ್ತದೆ ಎಂಬುದು ಆ ಮೂವರಿಗೆ ತಿಳಿದಿತ್ತು. ನಗೆಗೀಡಾಗಲು ಅವರು ಅಂಜುತ್ತಿರಲಿಲ್ಲ.

ನಾನು ಅಂಜಿದೆ. ನನಗೆ ಚಿತ್ರ ಬರೆಯಲು ಬಾರದು, ನನ್ನ ಸರದಿಗೆ ಅದೇ ಬಂದಿತ್ತು. ಸ್ಟೇಷನ್ ಹತ್ತಿರ ಅಂಗಡಿಗಳಿಗೆ ಬೋರ್ಡು ಬರೆಯುವವನನ್ನು ಕಾಡಿಬೇಡಿ, ಒಂದು ಗೀಜಗನ ಗೂಡು ಬರೆಸಿಕೊಂಡೆ. ಭಾನುವಾರ ಅದನ್ನು ಗೋಡೆಗೆ ಅಂಟಿಸಿ, "ಮನೇಲಿ ಕೂತು ಬರೆದೆ. ಇದೇ ಮೊದಲ್ನೇದು" ಎಂದೆ.

ಯಾರೂ ನಗಲಿಲ್ಲ. ಮೇಷ್ಟ್ರು ಹತ್ತಿರ ಬಂದು ನೋಡಿದರು.

"ಚೆನ್ನಾಗೈತೆ. ಪಕ್ಕದಲ್ಲಿ ಒಂದು ಎಲೆ ಬರೀರಿ, ನೋಡಾನ."

"ಕೈ ನೋಯ್ತಾ ಐತೆ ಮೇಷ್ಟ್ರೇ."

ಅವರು ಮತ್ತೆ ಕೇಳಲಿಲ್ಲ. ಕಾಗೆ ತಿದ್ದಿದ್ದ ಆ ಹುಡುಗಿ ತಾನು ಬರೆದು ತಂದಿದ್ದ ಹಾಳೆಯನ್ನು ಸಣ್ಣಗೆ ಮಡಚಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

ಆಮೇಲೆ ಅವಳು ಬರಲಿಲ್ಲ. ಹಿರಿಯರು ಅವಳ ಲೈನುಮನೆಗೆ ಹೋಗಿ ಬಂದು ನನ್ನ ಪಕ್ಕ ಕೂತರು.

"'ಆ ಸಾರ್ ಮೊದಲ್ನೇ ಸಲಾನೇ ಅಂಗೆ ಬರೆದವ್ರೆ, ನಂಗೆ ಇಷ್ಟು ದಿನ ಆದ್ರೂ ಬರಲಿಲ್ಲ' ಅಂತಾಳೆ. ಮನೆ ಗೋಡೇಲಿ ಬರೆದಿದ್ನೆಲ್ಲ ಒರೆಸಿಬಿಟ್ಟವಳೆ ಕಣಪ್ಪ."

ನಾನು ತಲೆ ಬಗ್ಗಿಸಿ ತಂತಿ ಸುತ್ತುತ್ತಿದ್ದೆ.

ಮೂವರೂ ಬಿಡಲಿಲ್ಲ. ಸರದಿಯ ಮೇಲೆ ಅವಳ ಮನೆಗೆ ಹೋಗಿ ಹೊಸ್ತಿಲಲ್ಲಿ ಕೂತು ಮಾತಾಡಿಸಿ ಬರುತ್ತಿದ್ದರು. ಅವಳನ್ನು ಕರೆತರಬಲ್ಲ ಮಾತು ನನ್ನ ಬಳಿ ಮಾತ್ರ ಇತ್ತು. ಅದನ್ನು ತಿಂಗಳುಗಟ್ಟಲೆ ಬಾಯಲ್ಲೇ ಇಟ್ಟುಕೊಂಡೆ. ಕೊನೆಗೊಂದು ಸಂಜೆ ಊರಿಗಾಂ ಸ್ಟೇಷನ್ನಿನಲ್ಲಿ ರೈಲು ಕಾಯುವಾಗ, ಆ ಗೂಡು ನಾನು ಬರೆದದ್ದಲ್ಲ ಎಂದು ಮೇಷ್ಟ್ರಿಗೆ ಹೇಳಿಬಿಟ್ಟೆ.

"ನಂಗೆ ಅವತ್ತೇ ಗೊತ್ತಾಯ್ತು," ಎಂದರು ಅವರು. "ನಿಮ್ಮ ಮರ್ಯಾದೆ ಓಗ್ತದೆ ಅಂತ ಸುಮ್ಕಿದ್ದೆ. ಅದು ನಂದೂ ತಪ್ಪೇ. ನಂಗೆ ಹೇಳಿ ಏನ್ ಬಂತು, ಆ ಮಗೀಗೆ ಹೇಳಿ, ನಡೀರಿ. ನಾನೂ ಬತ್ತೀನಿ."

ರೈಲು ಬಿಟ್ಟು ಇಬ್ಬರೂ ನಡೆದೆವು. ಅವಳ ಮನೆಗೆ ಬೀಗ ಬಿದ್ದಿತ್ತು. ಹುಡುಗಿಯ ಅಪ್ಪ ಎದೆಯ ಕಾಯಿಲೆಯಿಂದ ಕೆಲಸ ಬಿಟ್ಟು, ಆ ವಾರವೇ ಸಂಸಾರ ಕಟ್ಟಿಕೊಂಡು ತಮಿಳು ಸೀಮೆಯ ಕಡೆ ಹೋದ ಎಂದು ಪಕ್ಕದ ಮನೆಯಾಕೆ ಹೇಳಿದಳು. ಯಾವ ಊರೆಂದು ಅವಳಿಗೂ ಗೊತ್ತಿರಲಿಲ್ಲ.

ಮುಂದಿನ ಸರದಿಯಲ್ಲಿ ನಾನು ಮಕ್ಕಳ ಮುಂದೆ ನಿಜ ಹೇಳಿ, ಬೋರ್ಡಿನ ಮೇಲೆ ಹಸು ಬರೆದೆ. "ಸಾರ್, ಇದು ಮಂಚ" ಎಂದ ಒಬ್ಬ. ಎಲ್ಲರೂ ಬಿದ್ದುಬಿದ್ದು ನಕ್ಕರು, ನಾನೂ ನಕ್ಕೆ. ಒಬ್ಬ ಹುಡುಗ ಬಂದು ಅದಕ್ಕೆ ಕೊಂಬು ಬರೆದುಕೊಟ್ಟ. ಇಷ್ಟು ಹಗುರವಾದ ಕೆಲಸಕ್ಕೆ ನಾನು ಅಷ್ಟು ಹೆದರಿದ್ದೆ. ಅದನ್ನು ನೋಡಬೇಕಾಗಿದ್ದವಳು ಅಲ್ಲಿರಲಿಲ್ಲ. ಅವಳು ಮತ್ತೆಂದಾದರೂ ಚಿತ್ರ ಬರೆದಳೋ ಇಲ್ಲವೋ, ಈ ವಯಸ್ಸಿನವರೆಗೂ ನನಗೆ ತಿಳಿದಿಲ್ಲ.